ಮಂಡ್ಯದ ಸೀಮೆಯಲ್ಲಿ ‘ಸ್ಟೇಷನ್’ ಎಂಬ ಶಬ್ದ

ಪರಭಾಷೆಯ ಶಬ್ದವೊಂದು ಒಂದು ನಾಡಿಗೆ ಬಂದು ನೆಲಸಿದಾಗ ಅದು ಹೊತ್ತು ತರುವುದು ಅರ್ಥವೊಂದನ್ನೇ ಎಂದು ಭಾವಿಸುವುದು ವಾಡಿಕೆ. ಆದರೆ ಅನೇಕ ಶಬ್ದಗಳ ಬೆನ್ನಿಗೆ ಸರ್ಕಾರವಿರುತ್ತದೆ, ಯಂತ್ರವಿರುತ್ತದೆ, ಹಣವಿರುತ್ತದೆ. ಅವೆಲ್ಲವೂ ಆ ಶಬ್ದದೊಡನೆಯೇ ಊರನ್ನು ಪ್ರವೇಶಿಸುತ್ತವೆ. ಆದಕಾರಣ ದಿನಬಳಕೆಯ ಒಂದು ಶಬ್ದದ ಚರಿತ್ರೆಯನ್ನು ಬಿಡಿಸಿ ನೋಡಿದರೆ ಒಂದು ಸೀಮೆಯ ಚರಿತ್ರೆಯೂ ಕೆಲಮಟ್ಟಿಗೆ ಬಿಚ್ಚಿಕೊಳ್ಳುವುದುಂಟು. ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಮೂರು ತಾಲ್ಲೂಕುಗಳ ಮಟ್ಟಿಗೆ ಅಂಥ ಶಬ್ದಗಳಲ್ಲಿ ಒಂದು ‘ಸ್ಟೇಷನ್’.

ಮದ್ದೂರಿನ ಪೇಟೆಯಲ್ಲಿ ಒಬ್ಬನು ‘ಸ್ಟೇಷನ್ ಹತ್ತಿರ’ ಎಂದರೆ ಕೇಳಿದವರಿಗೆ ಮೊದಲು ತೋರುವುದು ರೈಲು ನಿಲ್ಲುವ ಜಗಲಿ. ಮಳವಳ್ಳಿಗೆ ರೈಲುಹಾದಿಯೇ ಇಲ್ಲವಾದುದರಿಂದ ಅಲ್ಲಿ ಅದೇ ಮಾತಿಗೆ ಪೊಲೀಸರ ಠಾಣೆಯೆಂದು ಅರ್ಥ. ಅದೇ ತಾಲ್ಲೂಕಿನ ಶಿವನಸಮುದ್ರದ ಕಡೆಗೆ ಹೋದರೆ ವಿದ್ಯುತ್ತನ್ನು ಉತ್ಪಾದಿಸುವ ಸ್ಥಾವರವೆಂದು ಅರ್ಥ. ಮಂಡ್ಯದ ಬಳಿಯ ವ್ಯವಸಾಯಕ್ಷೇತ್ರದ ಇಂಗ್ಲಿಷ್ ಹೆಸರಿನಲ್ಲಿಯೂ ಇದೇ ಶಬ್ದವಿದೆ. ‘ಮಗ ಸ್ಟೇಷನ್ನಿಗೆ ಹೋಗಿದ್ದಾನೆ’ ಎಂಬ ವಾಕ್ಯವು ಒಂದು ಮನೆಯಲ್ಲಿ ಪ್ರಯಾಣದ ಉತ್ಸಾಹವನ್ನು ಸೂಚಿಸಿದರೆ ಪಕ್ಕದ ಮನೆಯಲ್ಲಿ ಮಾನಭಂಗದ ಸಂಕಟವನ್ನು ಸೂಚಿಸಬಹುದು. ಒಂದೇ ಶಬ್ದಕ್ಕೆ ಇಷ್ಟು ಅರ್ಥಗಳು ಹೇಗೆ ಕೂಡಿಬಂದವು, ಅವುಗಳೊಳಗೆ ಸಂಬಂಧವೇನು ಎಂಬುದು ವಿಚಾರಾರ್ಹವಾಗಿದೆ.

ಶಬ್ದದ ಕುಲವನ್ನು ಮೊದಲು ನೋಡಬಹುದು. ಇಂಗ್ಲಿಷಿಗೆ ಇದು ಫ್ರೆಂಚಿನ ಮೂಲಕ ಲ್ಯಾಟಿನ್ ಭಾಷೆಯಿಂದ ಬಂದುದು. ಅಲ್ಲಿ ‘ಸ್ತಾರೆ’ ಎಂದರೆ ನಿಲ್ಲುವುದು. ‘ಸ್ತಾತಿಯೋ’ ಎಂದರೆ ನಿಲುವು, ನಿಲ್ಲುವ ಎಡೆ, ಕಾವಲಿನವರ ಪಹರೆಯ ಜಾಗ. ಸಂಸ್ಕೃತ ಬಲ್ಲವರಿಗೆ ಇಲ್ಲಿ ಪರಿಚಿತವಾದ ಮುಖವೊಂದು ಕಾಣದೆ ಇರದು. ಸ್ಥಾ ಧಾತುವೂ ಲ್ಯಾಟಿನ್ನಿನ ಆ ಧಾತುವೂ ಸೋದರಗಳು. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಕವಲೊಡೆದಿರಬೇಕೆಂದು ಸರ್ ವಿಲಿಯಂ ಜೋನ್ಸ್ ೧೭೮೬ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ ಮೇಲೆ ಭಾಷಾಶಾಸ್ತ್ರಜ್ಞರು ಎತ್ತಿ ತೋರಿಸಿದ ಸಾಮ್ಯಗಳಲ್ಲಿ ಇದೂ ಒಂದು. ಧಾತುಪಾಠವು ಸ್ಥಾ ಧಾತುವಿಗೆ ಚಲನೆಯು ನಿಂತುಹೋಗುವುದೆಂಬ ಅರ್ಥವನ್ನು ವಿಧಿಸಿದೆ. ಸ್ಥಾನ, ಸ್ಥಿತಿ, ಸಂಸ್ಥೆ, ವ್ಯವಸ್ಥೆ, ಪ್ರತಿಷ್ಠೆ, ನಿಷ್ಠೆ, ಕಡೆಗೆ ಮೈಸೂರು ಸಂಸ್ಥಾನವೆಂಬಲ್ಲಿಯ ಸಂಸ್ಥಾನ ಶಬ್ದ, ಎಲ್ಲವೂ ಈ ಒಂದು ಧಾತುವಿನ ಸಂತಾನ. ಹೀಗಿರಲು ‘ಸ್ಟೇಷನ್’ ಪರಕೀಯನ ವೇಷದಲ್ಲಿ ಬಂದ ದೂರದ ದಾಯಾದಿಯೆಂದು ಹೇಳಬಹುದು.

ಸ್ಥಾನ ಶಬ್ದವು ಕನ್ನಡದಲ್ಲಿ ತದ್ಭವವಾಗಿ ‘ತಾಣ’ ಎಂದಾಗಿದೆ. ಪ್ರಾಕೃತದ ದಾರಿ ಹಿಡಿದು, ಉತ್ತರದ ದೇಶಭಾಷೆಗಳಲ್ಲಿ ಬಳಸಿ, ಆಡಳಿತದ ಮಾತಾಗಿ ಹಿಂದಿರುಗಿದ ಅದೇ ಶಬ್ದ ‘ಠಾಣೆ’. ರೈಲು, ಬಸ್ಸುಗಳಿಗೆ ಇಂದು ಬಳಸುವ ‘ನಿಲ್ದಾಣ’ ಶಬ್ದವನ್ನು ಬಿಡಿಸಿದರೆ ‘ನಿಲ್’ ಎಂಬ ಅಚ್ಚಗನ್ನಡ ಧಾತುವೂ ‘ತಾಣ’ ಎಂಬ ತದ್ಭವವೂ ದೊರೆಯುತ್ತವೆ; ತಕಾರಕ್ಕೆ ದಕಾರ ಬಂದಿರುವುದು ಆದೇಶಸಂಧಿ. ಉತ್ತರಪದವು ತದ್ಭವವಾದುದರಿಂದ ಅರಿಸಮಾಸದ ದೋಷವೂ ಇಲ್ಲ. ಹಾಗಾದರೆ ‘ಪೊಲೀಸ್ ಠಾಣೆ’ ಎಂದವನೂ ‘ರೈಲು ನಿಲ್ದಾಣ’ ಎಂದವನೂ ‘ಸ್ಟೇಷನ್’ ಎಂದವನೂ ತಿಳಿಯದೆಯೇ ಒಂದೇ ಧಾತುವನ್ನು ಉಚ್ಚರಿಸುತ್ತಿದ್ದಾರೆ.

ಯೂರೋಪಿನಲ್ಲಿ ಈ ಶಬ್ದದ ಸಂಚಾರವು ವಿಸ್ತಾರವಾದುದು. ಕ್ರೈಸ್ತರಲ್ಲಿ ಯೇಸುವಿನ ಕಡೆಯ ಯಾತ್ರೆಯನ್ನು ಸ್ಮರಿಸುತ್ತ ನಿಂತು ಪ್ರಾರ್ಥಿಸುವ ಹದಿನಾಲ್ಕು ಎಡೆಗಳಿಗೆ ಇದೇ ಹೆಸರು. ಸಮಾಜದಲ್ಲಿ ಒಬ್ಬನಿಗಿರುವ ಅಂತಸ್ತಿಗೂ ಇದೇ ಹೆಸರು. ಕನ್ನಡದಲ್ಲಿ ‘ಸ್ಥಾನಮಾನ’ ಎನ್ನುವುದು ಇದಕ್ಕೆ ಸಮಾನವಾದುದು. ಮಧ್ಯಯುಗದ ವಿದ್ಯಾಪೀಠಗಳ ನೆರೆಯಲ್ಲಿ ಊರೂರು ಸುತ್ತದೆ ಒಂದೆಡೆ ಮಳಿಗೆಯನ್ನಿಟ್ಟು ಪುಸ್ತಕ ಮಾರುತ್ತಿದ್ದವನನ್ನು ‘ನಿಂತ ವ್ಯಾಪಾರಿ’ ಎಂಬರ್ಥದಲ್ಲಿ ‘ಸ್ಟೇಷನರ್’ ಎಂದರು. ಅವನು ಮಾರಿದ ಕಾಗದ, ಲೇಖನಿ, ಮಸಿಗಳಿಗೆ ‘ಸ್ಟೇಷನರಿ’ ಎಂಬ ಹೆಸರಾಯಿತು. ಇಂದು ಮಂಡ್ಯದ ಅಂಗಡಿಬೀದಿಯಲ್ಲಿ ‘ಸ್ಟೇಷನರಿ’ ಎಂಬ ಹಲಗೆಯ ಕೆಳಗೆ ನಿಂತು ನೋಟ್‌ಬುಕ್ ಕೊಳ್ಳುವ ವಿದ್ಯಾರ್ಥಿಗೆ ಆ ಹಲಗೆಗೂ ರೈಲಿಗೂ ಇರುವ ಬಾಂಧವ್ಯವನ್ನು ತಿಳಿಸಿದರೆ ಅವನು ನಗುವುದು ಸಹಜ. ಆದರೆ ಬಾಂಧವ್ಯವು ನಿಜವಾದುದು.

ಆಡಳಿತಕ್ಕೂ ಈ ಧಾತುವಿಗೂ ಇರುವ ನಂಟು ಭಾರತದಲ್ಲಿಯೂ ಪ್ರಾಚೀನವಾದುದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಬೆಳಕಿಗೆ ತಂದು ೧೯೦೯ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಎಂಟುನೂರು ಗ್ರಾಮಗಳ ನಡುವೆ ನೆಲೆಗೊಳಿಸಬೇಕಾದ ಆಡಳಿತದ ಪಟ್ಟಣಕ್ಕೆ ‘ಸ್ಥಾನೀಯ’ವೆಂಬ ಹೆಸರಿದೆ. ‘ಸ್ಥಾನಿಕ’ನೆಂಬುವನು ಅದರಲ್ಲಿ ಬರುವ ಒಬ್ಬ ಅಧಿಕಾರಿ. ಕನ್ನಡ ನಾಡಿನ ಶಾಸನಗಳಲ್ಲಿ ದೇವಸ್ಥಾನಗಳ ಮೇಲ್ವಿಚಾರಕರನ್ನು ಸ್ಥಾನಿಕರೆಂದು ಕರೆದಿದೆ. ಪ್ರಭುತ್ವವು ತನ್ನ ಕಾಲೂರಿ ನಿಂತ ಜಾಗವೇ ಸ್ಥಾನವೆಂಬ ಭಾವನೆಯು ಈ ಪ್ರಯೋಗಗಳೆಲ್ಲಕ್ಕೂ ಆಧಾರ.

ಇಂಗ್ಲಿಷರು ಈ ದೇಶಕ್ಕೆ ತಂದ ‘ಸ್ಟೇಷನ್’ ಕೂಡ ಮೊದಲಿಗೆ ಇದೇ ಅರ್ಥದ್ದು. ದಂಡು ಬೀಡುಬಿಟ್ಟ ಊರು, ಕಲೆಕ್ಟರನು ವಾಸವಾಗಿರುವ ಊರು, ಅವರ ಬಾಯಲ್ಲಿ ‘ಸ್ಟೇಷನ್’. ಈ ಅರ್ಥಕ್ಕೆ ಸಂಬಂಧಿಸಿದ ದೊಡ್ಡ ಘಟನೆಯೊಂದು ಇಂದಿನ ಮಂಡ್ಯ ಜಿಲ್ಲೆಯಿಂದಲೇ ಆರಂಭವಾಗುತ್ತದೆ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಇಂಗ್ಲಿಷರ ಸೈನ್ಯವು ಆ ದ್ವೀಪದಲ್ಲಿಯೇ ನೆಲಸಿತು. ಆದರೆ ಅಲ್ಲಿಯ ಜ್ವರಬಾಧೆಯನ್ನು ತಾಳಲಾರದೆ ೧೮೦೯ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿ ಹಲಸೂರಿನ ಮಗ್ಗುಲಲ್ಲಿ ಬೀಡನ್ನು ಕಟ್ಟಿದರು. ೧೮೮೧ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ಈ ಭಾಗವನ್ನು ತಮ್ಮ ಕೈಯಲ್ಲಿಯೇ ಉಳಿಸಿಕೊಂಡು ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ಆಳಿದರು. ಅದು ಮೈಸೂರಿನ ಆಡಳಿತಕ್ಕೆ ಮರಳಿದುದು ೧೯೪೭ರ ಜುಲೈ ತಿಂಗಳಿನಲ್ಲಿ. ಜನರು ಆ ಉದ್ದವಾದ ಹೆಸರನ್ನು ಎಂದೂ ಒಪ್ಪಿಕೊಳ್ಳಲಿಲ್ಲ. ‘ದಂಡು’ ಎಂಬ ಎರಡಕ್ಷರದಿಂದ ತೃಪ್ತರಾದರು. ವಸ್ತುವಿನ ಸ್ವರೂಪವನ್ನು ಹೇಳುವುದರಲ್ಲಿ ಸರ್ಕಾರದ ಕಾಗದಪತ್ರಕ್ಕಿಂತ ಜನರ ಮಾತೇ ನೇರವಾಗಿತ್ತು.

ಮಂಡ್ಯದ ಸೀಮೆಯ ಹಳ್ಳಿಹಳ್ಳಿಗೂ ಶಬ್ದವನ್ನು ಮುಟ್ಟಿಸಿದುದು ರೈಲು. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ದೇಶವು ಲಕ್ಷಗಟ್ಟಲೆ ಪ್ರಜೆಗಳನ್ನು ಕಳೆದುಕೊಂಡಿತು. ಧಾನ್ಯವನ್ನು ಒಂದು ಎಡೆಯಿಂದ ಮತ್ತೊಂದೆಡೆಗೆ ಬೇಗ ಸಾಗಿಸುವ ಮಾರ್ಗವಿಲ್ಲದಿದ್ದುದು ಆ ಅನಾಹುತವನ್ನು ಹೆಚ್ಚಿಸಿತೆಂಬುದು ಎಲ್ಲರ ಅನುಭವಕ್ಕೂ ಬಂದಿತ್ತು. ಬೆಂಗಳೂರಿನಿಂದ ಮೈಸೂರಿಗೆ ಹಾಕಿದ ಮೀಟರ್‌ಗೇಜ್ ಹಾದಿಯು ೧೮೮೨ರಲ್ಲಿ ಸಂಪೂರ್ಣವಾಯಿತು. ಮದ್ದೂರು, ಮಂಡ್ಯ, ಫ್ರೆಂಚರ ದಂಡು ಹಿಂದೆ ಇಳಿದುಕೊಂಡಿದ್ದ ಕಾರಣದಿಂದ ‘ಫ್ರೆಂಚ್ ರಾಕ್ಸ್’ ಎಂದು ಹೆಸರಾಗಿದ್ದ ಈಗಿನ ಪಾಂಡವಪುರ, ಇವೆಲ್ಲ ರೈಲು ನಿಲ್ಲುವ ಊರುಗಳಾದವು. ಗಳಿಗೆಯ ಲೆಕ್ಕದಲ್ಲಿ ಹೊತ್ತನ್ನು ಅಳೆಯುತ್ತಿದ್ದ ಒಕ್ಕಲಿಗನು ಸ್ಟೇಷನ್ನಿನ ಗಡಿಯಾರವನ್ನು ಅನುಸರಿಸುವುದನ್ನು ಕಲಿತನು. ಬೆಲ್ಲ, ಭತ್ತಗಳ ಮೂಟೆಗಳು ಅಲ್ಲಿ ಏರಿದವು. ಸೀಮೆಎಣ್ಣೆ, ಗಿರಣಿಯ ಬಟ್ಟೆಗಳು ಅಲ್ಲಿ ಇಳಿದವು. ಸ್ಟೇಷನ್ ಮಾಸ್ತರನು ಶಾನುಭೋಗ, ಪಟೇಲರ ಪಕ್ಕದಲ್ಲಿ ನಿಲ್ಲಬಲ್ಲ ಹೊಸ ದೊಡ್ಡಮನುಷ್ಯನಾದನು.

ಜನರು ಈ ಶಬ್ದವನ್ನು ಉಚ್ಚರಿಸಿದ ಬಗೆಯು ವ್ಯಾಕರಣ ಬಲ್ಲವರಿಗೆ ವಿಶೇಷ ಸಂತೋಷವನ್ನುಂಟುಮಾಡುವಂಥದು. ಹಳ್ಳಿಗರು ಇದನ್ನು ‘ಟೇಸನ್ನು’ ಎಂದರು. ಓದಿದವರು ಇದನ್ನು ಅಪಭ್ರಂಶವೆಂದು ಹಾಸ್ಯ ಮಾಡಿದರು. ಆದರೆ ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅಪಭ್ರಂಶಗಳಿಗೆಂದು ಒಂದು ಪ್ರಕರಣವನ್ನೇ ಮೀಸಲಾಗಿಟ್ಟಿದ್ದಾನೆ. ಸ್ನೇಹವು ‘ನೇಹ’ವಾಗುವಾಗ, ಸ್ಥಾನವು ‘ತಾಣ’ವಾಗುವಾಗ, ಮೊದಲಿನ ಒತ್ತಕ್ಷರದ ಸಕಾರವು ಲೋಪವಾಗುತ್ತದೆ. ವೇಷವು ‘ವೇಸ’ವಾಗುವಾಗ ಷಕಾರಕ್ಕೆ ಸಕಾರವು ಬರುತ್ತದೆ. ಇದೇ ಎರಡು ಕಾರ್ಯಗಳು ‘ಸ್ಟೇಷನ್’ ಶಬ್ದದ ಮೇಲೆ ನಡೆದರೆ ‘ಟೇಸನ್ನು’ ಎಂದಲ್ಲದೆ ಮತ್ತೇನಾಗುವುದು? ಶಾಸ್ತ್ರವನ್ನು ಓದದ ಮದ್ದೂರಿನ ಗಾಡಿಯವನು ಇಂಗ್ಲಿಷಿನ ಶಬ್ದಕ್ಕೂ ಕನ್ನಡದ ಹಳೆಯ ನಡೆಯನ್ನೇ ಕಲಿಸಿದನು. ಭಾಷೆಯ ಧರ್ಮವು ಗ್ರಂಥಕ್ಕಿಂತ ಮೊದಲು ನಾಲಿಗೆಯಲ್ಲಿರುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ.

ಮದ್ದೂರಿನ ಸ್ಟೇಷನ್ ಹೆಸರಾದುದು ರುಚಿಯಿಂದ. ೧೯೧೭ರ ಸುಮಾರಿಗೆ ಅಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯರೆಂಬವರು, ಪಕೋಡವನ್ನು ಕರಿಯುವಷ್ಟರಲ್ಲಿಯೇ ರೈಲು ಬಂದುಬಿಟ್ಟುದರಿಂದ, ಹಿಟ್ಟನ್ನು ಕೈಯಲ್ಲಿ ತಟ್ಟಿ ಚಪ್ಪಟೆಮಾಡಿ ಎಣ್ಣೆಗೆ ಬಿಟ್ಟರೆಂದೂ, ಹೀಗೆ ಮದ್ದೂರು ವಡೆ ಹುಟ್ಟಿತೆಂದೂ ಹೇಳಿಕೊಂಡು ಬಂದಿದ್ದಾರೆ. ಈ ಕಥೆಯ ಸಾರವೆಲ್ಲ ಅವಸರದಲ್ಲಿದೆ. ರೈಲು ನಿಲ್ಲುವುದು ಕೆಲವೇ ನಿಮಿಷ. ಅಷ್ಟರೊಳಗೆ ಊರಿನವನು ತನ್ನ ಬದುಕನ್ನು ಮಾಡಿಕೊಳ್ಳಬೇಕು. ಆ ಅಲ್ಪಕಾಲದ ನಿಲುಗಡೆಯು ಮದ್ದೂರಿಗೆ ಒಂದು ಜೀವನೋಪಾಯವನ್ನೂ ದೇಶಾಂತರಗಳಲ್ಲಿ ಪರಿಚಿತವಾದ ಒಂದು ಹೆಸರನ್ನೂ ಕೊಟ್ಟಿತು. ಸ್ಟೇಷನ್ ಶಬ್ದದ ಧಾತ್ವರ್ಥವು ಊರಿಗೆ ಫಲಿಸಿದ ಬಗೆ ಇದು.

ಇದೇ ಶಬ್ದದ ಇನ್ನೊಂದು ಮುಖವು ಪೊಲೀಸರದು. ಇಲ್ಲಿ ‘ಠಾಣೆ’ ಎಂಬ ಮಾತು ಮೊದಲೇ ಬಳಕೆಯಲ್ಲಿದ್ದರೂ ‘ಸ್ಟೇಷನ್’ ಅದರ ಜೊತೆಗೆ ಬಂದು ಕುಳಿತಿತು. ಇಂದಿಗೂ ಬರವಣಿಗೆಯಲ್ಲಿ ಒಂದು, ಮಾತಿನಲ್ಲಿ ಇನ್ನೊಂದು. ರೈಲಿನ ಸ್ಟೇಷನ್ನಿನಲ್ಲಿ ನಿಲ್ಲುವುದು ಬಂಡಿ, ಇಲ್ಲಿ ನಿಲ್ಲಬೇಕಾದವನು ಮನುಷ್ಯ. ಮರ್ಯಾದಸ್ಥನಾದ ಗೃಹಸ್ಥನು ಅದರ ಮೆಟ್ಟಿಲನ್ನು ಹತ್ತಬಾರದೆಂಬುದು ಹಳ್ಳಿಯ ನೀತಿಯಾಗಿತ್ತು. ಈ ಭಾವನೆಯು ಅಲುಗಾಡಿದ ಕಾಲವನ್ನು ಮದ್ದೂರಿನವರು ಮರೆತಿಲ್ಲ. ೧೯೩೮ರ ಏಪ್ರಿಲ್ ತಿಂಗಳಿನಲ್ಲಿ ಊರಿನ ಮಗ್ಗುಲ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನವು ಸೇರಿತು. ರಾಷ್ಟ್ರಧ್ವಜವನ್ನು ಏರಿಸಕೂಡದೆಂದು ಸರ್ಕಾರವು ಆಜ್ಞೆಮಾಡಿತ್ತು. ಸುತ್ತಣ ಹಳ್ಳಿಗಳಿಂದ ಸಹಸ್ರಾರು ರೈತರು ನೆರೆದರು, ನಿಷೇಧವನ್ನು ಮೀರಿ ಧ್ವಜವು ಏರಿತು, ನಾಯಕರು ಸೆರೆಯಾದರು. ಅಂದಿನಿಂದ ಪೊಲೀಸರ ವಶಕ್ಕೆ ಹೋಗುವುದು ಕಳಂಕವೇ ಆಗಬೇಕಾಗಿಲ್ಲ, ಕೆಲವೊಮ್ಮೆ ಅದು ಪ್ರತಿಷ್ಠೆಯೂ ಆಗಬಹುದೆಂಬುದನ್ನು ಈ ಸೀಮೆಯ ಸಾಧಾರಣ ಜನರು ಕಂಡುಕೊಂಡರು. ಪ್ರತಿಷ್ಠೆಯೆಂಬುದು ಕೂಡ ಅದೇ ಧಾತುವಿನಿಂದ ಬಂದ ಶಬ್ದವೆಂಬುದನ್ನು ವಾಚಕರು ನೆನೆಯಬಹುದು.

ಮದ್ದೂರಿನ ಸ್ಟೇಷನ್ನಿಗೂ ಮಳವಳ್ಳಿ ತಾಲ್ಲೂಕಿನ ಸ್ಟೇಷನ್ನಿಗೂ ನಡುವೆ ಒಂದು ಹಾದಿಯಿದೆ. ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿ ಶಿವನಸಮುದ್ರದ ಜಲಪಾತಕ್ಕೆ ಹತ್ತಿರವಾದ ರೈಲು ಸ್ಟೇಷನ್ ಮದ್ದೂರು. ಅಲ್ಲಿಂದ ಮಳವಳ್ಳಿಯ ಮೂಲಕ ಸುಮಾರು ಮೂವತ್ತು ಮೈಲಿಯ ದಾರಿ. ಕಾವೇರಿಯು ಗಗನಚುಕ್ಕಿ, ಭರಚುಕ್ಕಿಗಳೆಂಬ ಎರಡು ಕವಲುಗಳಾಗಿ ಧುಮುಕುವ ಈ ಎಡೆಯಲ್ಲಿ ನೀರಿನ ಬಲದಿಂದ ವಿದ್ಯುತ್ತನ್ನು ಪಡೆಯಬಹುದೆಂದು ಇಂಜಿನಿಯರ್ ಜಾಲಿ ದ ಲಾಟ್‌ಬಿನಿಯರನು ಯೋಜನೆಯನ್ನು ಸಿದ್ಧಪಡಿಸಿದನು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಅದನ್ನು ಕೈಗೊಂಡರು. ಅಯ್ಯರ್ ಅವರು ೧೯೦೧ರಲ್ಲಿ ತೀರಿಕೊಂಡುದರಿಂದ ಕೆಲಸವು ಮುಗಿದುದನ್ನು ಕಾಣಲಿಲ್ಲ. ೧೯೦೨ರ ಜೂನ್ ೩೦ರಂದು ಶಿವನಸಮುದ್ರದ ವಿದ್ಯುತ್ತು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಸಾಗಿಸಿದುದು ಆ ಕಾಲದಲ್ಲಿ ಜಗತ್ತೇ ಬೆರಗಾಗಬೇಕಾದ ಕಾರ್ಯ.

ಮೂರು ವರ್ಷಗಳ ಬಳಿಕ, ೧೯೦೫ರಲ್ಲಿ, ಬೆಂಗಳೂರಿನ ಬೀದಿಗಳು ಬೆಳಗಿದವು. ೧೯೦೮ರಲ್ಲಿ ಮೈಸೂರಿಗೆ ಬೆಳಕು ಬಂದಿತು. ಮಳವಳ್ಳಿಯ ಹೊಲಗಳ ಮೇಲೆ ಕಂಬಗಳು ನಿಂತವು, ತಂತಿಗಳು ಹಾದುಹೋದವು. ಕೆಳಗಿನ ಹಳ್ಳಿಗಳಲ್ಲಿ ಹರಳೆಣ್ಣೆಯ ಹಣತೆಯೂ ಸೀಮೆಎಣ್ಣೆಯ ಬುಡ್ಡಿಯೂ ಇನ್ನೂ ಬಹುಕಾಲ ಉರಿಯುತ್ತಿದ್ದವು. ಆ ಕಾಲದ ಅರ್ಥಶಾಸ್ತ್ರಕ್ಕೆ ಇದು ಸಹಜವಾಗಿಯೇ ತೋರಿತು. ಗಣಿಯ ಕಂಪನಿಗಳು ಹಣ ಕೊಡಬಲ್ಲ ಗಿರಾಕಿಗಳು, ಹಳ್ಳಿಯ ಒಕ್ಕಲು ಅಂಥ ಗಿರಾಕಿಯಲ್ಲ. ಇಲ್ಲಿ ‘ಸ್ಟೇಷನ್’ ಶಬ್ದವು ತನ್ನ ಧಾತುವಿಗೆ ವಿರುದ್ಧವಾದ ಒಂದು ಅರ್ಥವನ್ನು ಪಡೆಯಿತು. ರೈಲು ಬಂದು ನಿಲ್ಲುವುದರಿಂದ ಅದು ಸ್ಟೇಷನ್. ವಿದ್ಯುತ್ತಾದರೋ ಹುಟ್ಟಿದ ಕ್ಷಣದಲ್ಲಿಯೇ ಹೊರಟುಹೋಗುತ್ತದೆ. ನಿಂತುದು ಕಟ್ಟಡ ಮತ್ತು ಯಂತ್ರ ಮಾತ್ರ. ಇದೇ ತಾಲ್ಲೂಕಿನಲ್ಲಿ ಶಿಂಷಾ ನದಿಯ ಮೇಲೆ ೧೯೪೦ರಲ್ಲಿ ಎರಡನೆಯ ವಿದ್ಯುತ್ ಸ್ಟೇಷನ್ನೂ ಕೆಲಸವನ್ನು ಆರಂಭಿಸಿತು. ಯಾವ ಗಣಿಗಳಿಗಾಗಿ ಮೊದಲನೆಯ ಸ್ಟೇಷನ್ ಹುಟ್ಟಿತೋ ಆ ಗಣಿಗಳು ೨೦೦೧ರಲ್ಲಿ ಮುಚ್ಚಿಹೋದವು.

ಆದರೆ ಈ ವೃತ್ತಾಂತವನ್ನು ನಷ್ಟದ ಲೆಕ್ಕವಾಗಿ ಮಾತ್ರ ಬರೆಯುವುದು ನ್ಯಾಯವಾಗದು. ಬೇಸಗೆಯಲ್ಲಿ ಕಾವೇರಿಯು ಸೊರಗಿದಾಗ ಶಿವನಸಮುದ್ರದ ಯಂತ್ರಗಳಿಗೆ ನೀರು ಸಾಲುತ್ತಿರಲಿಲ್ಲ. ೧೯೧೧ರಲ್ಲಿ ಆರಂಭವಾದ ಕನ್ನಂಬಾಡಿಯ ಕಟ್ಟೆಯ ಉದ್ದೇಶಗಳಲ್ಲಿ ಆ ಸ್ಟೇಷನ್ನಿಗೆ ವರ್ಷವಿಡೀ ನೀರನ್ನು ಒದಗಿಸುವುದೂ ಪ್ರಧಾನವಾಗಿತ್ತು. ಅದೇ ಕಟ್ಟೆಯಿಂದ ಹೊರಟ ಇರ್ವಿನ್ ನಾಲೆ, ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನು ಧರಿಸಿದುದು, ಮಂಡ್ಯ, ಮದ್ದೂರು, ಮಳವಳ್ಳಿಗಳ ಮಳೆಯಾಧಾರದ ಭೂಮಿಗೆ ನೀರನ್ನು ಹರಿಸಿತು. ೧೯೩೩ರಲ್ಲಿ ಸಕ್ಕರೆಯ ಕಾರ್ಖಾನೆಯು ಮಂಡ್ಯಕ್ಕೆ ಬಂದಿತು. ೧೯೩೯ರ ಜುಲೈ ಒಂದರಂದು ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಮಂಡ್ಯವು ಜಿಲ್ಲೆಯಾಯಿತು. ಅಂದರೆ ಗಣಿಗೆ ಹೋದ ಬೆಳಕಿನ ಒಂದಂಶವು ಸುತ್ತುದಾರಿಯಿಂದ ನೀರಾಗಿ ಹಿಂದಿರುಗಿತೆನ್ನಬಹುದು.

ಆ ನೀರಿನ ಬೆನ್ನಿಗೆ ಬಂದುದು ನಾಲ್ಕನೆಯ ಬಗೆಯ ಸ್ಟೇಷನ್. ರಾಗಿ, ಹುರುಳಿಗಳನ್ನು ಬಿತ್ತಿ ಮಳೆಯನ್ನು ನೋಡುತ್ತಿದ್ದ ರೈತನಿಗೆ ನಾಲೆಯ ನೀರಿನ ವ್ಯವಸಾಯವು ಹೊಸದು. ಯಾವ ಮಣ್ಣಿಗೆ ಎಷ್ಟು ನೀರು, ಯಾವ ತಳಿ, ಯಾವ ಗೊಬ್ಬರ ಎಂಬುದನ್ನು ಪರೀಕ್ಷಿಸುವುದಕ್ಕಾಗಿ ಮಂಡ್ಯದ ಬಳಿ ೧೯೩೧ರಲ್ಲಿ ವ್ಯವಸಾಯಕ್ಷೇತ್ರವೊಂದು ಸ್ಥಾಪಿತವಾಯಿತು. ಜನರ ಬಾಯಲ್ಲಿ ಅದು ‘ವಿ. ಸಿ. ಫಾರಂ’. ಇಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದು ಖ್ಯಾತರಾದ ಸಿ. ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ‘ಇಂಡಾಫ್’ ತಳಿಗಳನ್ನು ಸೃಷ್ಟಿಸಿದರು. ಎರಡು ಖಂಡಗಳ ಹೆಸರನ್ನು ಒಟ್ಟುಗೂಡಿಸಿ ಇಟ್ಟ ಹೆಸರದು. ಭತ್ತದ ‘ಕೆ. ಆರ್. ಎಚ್. ೨’ ಎಂಬ ಸಂಕರತಳಿಯು ೧೯೯೬ರಲ್ಲಿ ಇಲ್ಲಿಂದಲೇ ಹೊರಬಂದಿತು. ಈ ಸ್ಟೇಷನ್ನಿನಿಂದ ಹೊರಟ ವಸ್ತುವಿನ ಗುಣವೇ ಬೇರೆ. ಬೀಜವು ದೂರದ ನಾಡುಗಳಿಗೂ ಹೋಯಿತು. ಹಾಗೆ ಹೋಗುವಾಗ ಮಗ್ಗುಲ ಹಳ್ಳಿಯ ಹೊಲದಲ್ಲಿಯೂ ಬೇರೂರಿತು. ಅದರ ಹೆಸರನ್ನು ಹೇಳಲು ತಿಳಿಯದವನ ಮನೆಯ ಮುದ್ದೆಯಲ್ಲಿಯೂ ಅದರ ಫಲವಿತ್ತು.

ಐದನೆಯದಾದ ಬಗೆಯು ಮತ್ತೆ ಮಳವಳ್ಳಿ ತಾಲ್ಲೂಕಿನದೇ. ಬೆಂಗಳೂರಿನ ಬಾಯಾರಿಕೆಯನ್ನು ನೀಗಲು ಕಾವೇರಿಯ ನೀರನ್ನು ಶಿವನಸಮುದ್ರದ ಬಳಿಯ ಅಣೆಕಟ್ಟೆಯಿಂದ ತಿರುಗಿಸಿ, ನೆಟ್ಕಲ್ಲಿನ ಜಲಾಶಯದ ಮೂಲಕ ತೊರೆಕಾಡನಹಳ್ಳಿಗೆ ತಂದು, ಅಲ್ಲಿಯ ಪಂಪಿಂಗ್ ಸ್ಟೇಷನ್ನಿನಿಂದ ಮೇಲೆತ್ತುತ್ತಾರೆ. ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಎತ್ತಿ, ಒಟ್ಟು ಸುಮಾರು ೫೦೦ ಮೀಟರುಗಳ ಎತ್ತರವನ್ನು ಹತ್ತಿಸಿ, ನೂರು ಕಿಲೋಮೀಟರುಗಳಷ್ಟು ದೂರ ಸಾಗಿಸುತ್ತಾರೆ. ಮೊದಲನೆಯ ಹಂತವು ೧೯೭೪ರಲ್ಲಿ ದಿನಕ್ಕೆ ೧೩.೫ ಕೋಟಿ ಲೀಟರಿನಿಂದ ಆರಂಭವಾಯಿತು. ೨೦೨೪ರ ಅಕ್ಟೋಬರಿನಲ್ಲಿ ಲೋಕಾರ್ಪಣೆಗೊಂಡ ಐದನೆಯ ಹಂತವೊಂದೇ ದಿನಕ್ಕೆ ೭೭.೫ ಕೋಟಿ ಲೀಟರಿನದು. ೧೯೦೨ರಲ್ಲಿ ತಂತಿಯ ಮೇಲೆ ವಿದ್ಯುತ್ತು ಹೊರಟ ನೆರೆಯಿಂದಲೇ ಈಗ ಕೊಳವೆಯೊಳಗೆ ನೀರು ಹೊರಡುತ್ತಿದೆ. ನಗರದ ಲಕ್ಷಾಂತರ ಮನೆಗಳಲ್ಲಿ ನಲ್ಲಿಯನ್ನು ತಿರುಗಿಸಿದವರು ಮಳವಳ್ಳಿಗೆ ಋಣಿಗಳು; ಅವರಲ್ಲಿ ಬಹುಮಂದಿ ಆ ಊರಿನ ಹೆಸರನ್ನು ಕೇಳಿರುವುದಿಲ್ಲ. ಬಾಯಾರಿದವರಿಗೆ ನೀರನ್ನು ಕೊಡಬಾರದೆಂದು ಯಾರೂ ಹೇಳರು. ಆದರೆ ನಾಲೆಯ ಕಡೆಯಲ್ಲಿರುವ ರೈತನು ಬರಗಾಲದ ವರ್ಷದಲ್ಲಿ ಒಣಗಿದ ಪೈರಿನ ನಡುವೆ ನಿಂತು ಈ ಸ್ಟೇಷನ್ನಿನ ಕಡೆಗೆ ನೋಡಿದಾಗ ಅವನಿಗೆ ಆ ಶಬ್ದದ ಅರ್ಥವು ಕೋಶದಲ್ಲಿರುವಂತೆ ತೋರುವುದಿಲ್ಲ.

ಇಲ್ಲಿ ಗಮನಿಸಬೇಕಾದ ಮತ್ತೊಂದು ವಿಷಯವುಂಟು. ಈ ಶಬ್ದವನ್ನು ಜನರು ಕಂಡಕಂಡಲ್ಲೆಲ್ಲ ಸ್ವೀಕರಿಸಲಿಲ್ಲ. ಬಸ್ಸು ಬಂದಾಗ ಅದರ ತಂಗುದಾಣಕ್ಕೆ ‘ಬಸ್ ಸ್ಟ್ಯಾಂಡ್’ ಎಂಬ ಬೇರೆ ಶಬ್ದವನ್ನೇ ಆರಿಸಿಕೊಂಡರು. ಅದೂ ನಿಲ್ಲುವುದೆಂಬ ಅರ್ಥದ್ದೇ. ಪೆಟ್ರೋಲ್ ಮಾರುವ ಸ್ಥಳವು ಇಂಗ್ಲಿಷಿನಲ್ಲಿ ಸ್ಟೇಷನ್ ಆದರೂ ಕನ್ನಡಿಗರಿಗೆ ಅದು ‘ಬಂಕ್’. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಸ್ವಂತ ಸಾಹಸದಿಂದ ರೇಡಿಯೋ ಪ್ರಸಾರವನ್ನು ಆರಂಭಿಸಿದಾಗ ಅದು ಸ್ಟೇಷನ್ ಎಂಬ ಹೆಸರಿನಿಂದ ಪಾರಾಗಿ ‘ಆಕಾಶವಾಣಿ’ ಎಂದು ಪ್ರಖ್ಯಾತವಾಯಿ­ತು; ಆ ಹೆಸರನ್ನು ಬಳಿಕ ದೇಶವೆಲ್ಲ ಧರಿಸಿತು. ಎಲ್ಲಕ್ಕಿಂತ ಸೊಗಸಾದುದು ಚುನಾವಣೆಯ ‘ಪೋಲಿಂಗ್ ಸ್ಟೇಷನ್’ ಎಂಬುದಕ್ಕೆ ದೊರೆತ ಕನ್ನಡ. ಅದು ಠಾಣೆಯೂ ಆಗಲಿಲ್ಲ, ನಿಲ್ದಾಣವೂ ಆಗಲಿಲ್ಲ, ‘ಮತಗಟ್ಟೆ’ಯಾಯಿತು. ಕಟ್ಟೆಯೆಂದರೆ ಊರ ಮುಂದಿನ ಅರಳಿಯ ಮರದ ಸುತ್ತಣ ಜಗಲಿ. ಹಿರಿಯರು ಕುಳಿತು ನ್ಯಾಯವನ್ನು ಹೇಳುವ ಎಡೆ. ಅಧಿಕಾರವು ಮೇಲಿನಿಂದ ಬಂದು ಇಳಿದಲ್ಲಿ ‘ಸ್ಟೇಷನ್’, ಅಧಿಕಾರವು ಜನರ ಕೈಯಿಂದಲೇ ಹುಟ್ಟುವಲ್ಲಿ ‘ಕಟ್ಟೆ’. ಯಾವ ಸಮಿತಿಯು ಈ ವಿವೇಕವನ್ನು ಬೋಧಿಸಿದ್ದರೂ ಬೋಧಿಸದಿದ್ದರೂ ಭಾಷೆಯ ಆಯ್ಕೆಯು ಅರ್ಥಪೂರ್ಣವಾಗಿದೆ.

ಈಗ ಎಲ್ಲವನ್ನೂ ಒಟ್ಟುಗೂಡಿಸಿ ನೋಡಿದರೆ ಶಬ್ದದ ನಾನಾರ್ಥಗಳಲ್ಲಿ ಒಂದು ಕ್ರಮವು ತೋರುತ್ತದೆ. ದಂಡಿನ ಸ್ಟೇಷನ್ನಿನಲ್ಲಿ ಅರಸೊತ್ತಿಗೆಯು ನಿಂತಿತು; ರೈಲಿನ ಸ್ಟೇಷನ್ನಿನಲ್ಲಿ ಬಂಡಿ ನಿಂತಿತು; ಪೊಲೀಸ್ ಸ್ಟೇಷನ್ನಿನಲ್ಲಿ ಪ್ರಜೆಯನ್ನು ನಿಲ್ಲಿಸಿದರು; ವಿದ್ಯುತ್ತಿನ ಮತ್ತು ನೀರಿನ ಸ್ಟೇಷನ್ನುಗಳಿಂದ ವಸ್ತುವು ನಿಲ್ಲದೆ ಹೊರಟಿತು; ಬೀಜದ ಸ್ಟೇಷನ್ನಿನಿಂದ ಹೊರಟುದು ಹೊಲದಲ್ಲಿ ನಿಂತಿತು. ಆದುದರಿಂದ ಊರೊಂದರಲ್ಲಿ ಸ್ಟೇಷನ್ ಇದೆಯೆಂಬ ಮಾತಿನಿಂದ ಆ ಊರಿಗೆ ಲಾಭವಾಯಿತೆಂದು ಹೇಳುವಂತಿಲ್ಲ. ಅಲ್ಲಿ ಏನು ನಿಂತಿತು, ಯಾರಿಗಾಗಿ ನಿಂತಿತು ಎಂಬುದನ್ನು ಕೇಳಬೇಕು. ಮದ್ದೂರಿನ ಜಗಲಿಯಲ್ಲಿ ಕೆಲವು ನಿಮಿಷ ನಿಂತ ರೈಲು ಒಂದು ಊರಿಗೆ ಅನ್ನ ಕೊಟ್ಟಿತು. ಮಳವಳ್ಳಿಯ ತಾಲ್ಲೂಕು ಒಂದು ಶತಮಾನಕ್ಕೂ ಮೀರಿ ಬೆಳಕನ್ನೂ, ಅರ್ಧ ಶತಮಾನದಿಂದ ನೀರನ್ನೂ ಹೊರಗೆ ಕಳುಹಿಸುತ್ತ ಬಂದಿದೆ. ಹೆಜ್ಜಾಲದಿಂದ ಚಾಮರಾಜನಗರಕ್ಕೆ ಮಳವಳ್ಳಿಯ ಮೂಲಕ ಹಾಕಬೇಕೆಂದಿದ್ದ ರೈಲುಹಾದಿಯು ಇನ್ನೂ ನೆಲವನ್ನು ಮುಟ್ಟಿಲ್ಲ.

ಮಳವಳ್ಳಿಯವರು ಕೇಳುವುದು ದೊಡ್ಡದೇನೂ ಅಲ್ಲ. ತಮ್ಮ ನೆಲದಿಂದ ಹೊರಡುವ ವಸ್ತುಗಳಲ್ಲಿ ಒಂದು ಪಾಲು ತಮ್ಮಲ್ಲಿಯೂ ನಿಲ್ಲಬೇಕು, ಹೊರಗಿನಿಂದ ಬರುವುದು ಕೆಲವಾದರೂ ತಮ್ಮ ಊರಿನಲ್ಲಿ ಇಳಿಯಬೇಕು ಎಂಬಿಷ್ಟೇ. ವೈಯಾಕರಣರು ಸ್ಥಾ ಧಾತುವಿಗೆ ಹೇಳಿರುವ ಅರ್ಥವೂ ಇದಕ್ಕಿಂತ ಹೆಚ್ಚಿನದನ್ನು ಕೇಳುವುದಿಲ್ಲ.